ಜಿನ್‌ನ್ಯಾಗಿನ ಹವೀಜ

ಇಂಗ್ಲೆಂಡಿನ ಪ್ಲಿಮತ್ ಊರಾಗ ಬ್ಲ್ಯಾಕ್ ಫ್ರೈಯರ್ಸ್ ಅಂತ ಒಂದು ಹಳೇ ಡಿಸ್ಟಿಲರಿ ಅದ. 1793ರಿಂದ ಅಲ್ಲಿ ಪ್ಲಿಮತ್ ಜಿನ್ ಭಟ್ಟಿ ಇಳಸ್ತಾರ. ಮಗಳು ಕರಕೊಂಡು ಹೋಗಿದ್ಲು. ಅದಕ್ಕ ಹಾಕೂ ಸಾಮಾನು ಏಳು. ಜುನಿಪರ್ ಕಾಯಿ ಮುಖ್ಯ, ಅದಿಲ್ಲದಿದ್ರ ಜಿನ್ನೇ ಅಲ್ಲ. ಕಿತ್ತಳಿ ಸಿಪ್ಪಿ, ನಿಂಬಿ ಸಿಪ್ಪಿ, ಆಂಜೆಲಿಕಾ ಬೇರು, ಆರಿಸ್ ಬೇರು. ಉಳಿದ ಎರಡು ನನಗ ಯಾರೂ ಹೇಳಬೇಕಾಗಿರಲಿಲ್ಲ: ಹವೀಜ, ಯಾಲಕ್ಕಿ! ನಮ್ಮ ಸಾರಿನ ಪುಡಿ, ನಮ್ಮ ಹೋಳಿಗಿ.

ಶೆರೆ ಅಂದ್ರ ನನಗ ಕಾಕಾನ ಬಾಯಿವಾಸನಿ, ಅದರ ಬೆನ್ನಿಗೆ ಹೋದ ಎರಡು ಎಕರೆ ಎರಿ ಹೊಲ, ಕಾಕೂನ ಕೊರಳಿನ ಸರ. ಇಷ್ಟು ವರ್ಷ ತುಟಿಗೆ ಹಚ್ಚಿದಾಕಿ ಅಲ್ಲ. ಆದ್ರ ಹವೀಜ ಅಂದಮ್ಯಾಲೆ ಮೂಗು ಕೇಳಲಿಲ್ಲ.

ರುಚಿ ನೋಡೂದು ಹಿಂಗ: ಬರ್ಫ ಬ್ಯಾಡ, ಟಾನಿಕ್ ಬ್ಯಾಡ. ಬಾಯಿ ಚೂರು ತಗದು ಮೂಸಬೇಕು. ಮೂಗು ಗ್ಲಾಸಿನ್ಯಾಗ ತುರುಕಿದ್ರ ಬರೇ ಸ್ಪಿರಿಟ್ ಹೊಡೀತದ, 41.2 ಪರ್ಸೆಂಟಿನ ಸಾಮಾನು ಅದು. ಸ್ವಲ್ಪ ನೀರು ಬೆರಸಿದ್ರ ವಾಸನಿ ಅರಳತದ. ಮೊದಲು ಜುನಿಪರ್‌ನ ರಾಳದಂಥ ಘಮ, ಆಮ್ಯಾಲೆ ಸಿಪ್ಪಿ, ಅದರ ಹಿಂದ ಹುರೀಲಾರದ ಹವೀಜ. ಯಾಲಕ್ಕಿ ನುಂಗಿದ ಮ್ಯಾಲೆ ಬಂತು. ಆಂಜೆಲಿಕಾ ನನ್ನ ಕೈಗೆ ಸಿಗಲೇ ಇಲ್ಲ! ತಾಮ್ರದ ಭಟ್ಟಿಯೊಳಗ ಉಗಿ ಘಮ ಅಷ್ಟ ಹೊತ್ಕೊಂಡು ಹೋಗತದ, ಮಸಾಲಿ ಬಣ್ಣ ಹಿಂದ ಉಳೀತದ. ಅದಕ್ಕ ಜಿನ್ ನೀರಿನಂಗ ತಿಳಿ.

ಛಲೋ ಇತ್ತು, ಖರೇ ಹೇಳ್ತೀನಿ. ಎರಡು ಗುಟುಕಿಗೆ ಗ್ಲಾಸು ಕೆಳಗಿಟ್ಟೆ. ಬಾಟ್ಲಿ ತಗೊಳ್ಳಲೇನು ಅಂದ್ಲು ಮಗಳು.

“ಬ್ಯಾಡ ಬಿಡವಾ, ಹವೀಜ ಮನ್ಯಾಗ ಅದ.”