ಕಾಳಿ ಸೀಮೆಯಲ್ಲಿ ಬೆವರು ಮತ್ತು ನೆರವು

ಧಾರವಾಡದಿಂದ ಹೊರಟ ಬಸ್ಸು ಹಳಿಯಾಳ ಸಮೀಪಿಸುತ್ತಿದ್ದಂತೆ ಬಯಲುಸೀಮೆ ಹಿಂದೆ ಸರಿದು ಮಲೆನಾಡಿನ ಸೆರಗು ಕಾಣತೊಡಗುತ್ತದೆ. ಒಂದೆಡೆ ಭತ್ತ, ಕಬ್ಬಿನ ಗದ್ದೆ. ಇನ್ನೊಂದೆಡೆ ತೇಗ, ಬಿದಿರಿನ ಕಾಡು. ದಾಂಡೇಲಿಯ ಕಾಗದ ಕಾರ್ಖಾನೆ, ಕಾಳಿ ನದಿ, ಹುಲಿ ಸಂರಕ್ಷಿತ ಪ್ರದೇಶ ಪ್ರವಾಸಿಗರಿಗೆ ಪರಿಚಿತ. ಆದರೆ ‘ಬಡತನ ನೀಗುವುದು ಸ್ವಂತ ದುಡಿಮೆಯಿಂದಲೋ, ಸರ್ಕಾರದ ನೆರವಿನಿಂದಲೋ’ ಎಂಬ ಶಾಲಾ ಚರ್ಚಾಸ್ಪರ್ಧೆಯ ಹಳೆಯ ವಿಷಯಕ್ಕೂ ಈ ಸೀಮೆಯಲ್ಲಿ ಸಾಕಷ್ಟು ಪಾಠಗಳಿವೆ.

ಮೊದಲು ಮುಂಡಗೋಡ. ತಾಯ್ನಾಡು ಬಿಟ್ಟು ಬಂದ ಟಿಬೆಟನ್ನರಿಗೆ 1966ರಲ್ಲಿ ಅಂದಿನ ಮೈಸೂರು ಸರ್ಕಾರ ಇಲ್ಲಿ ಸುಮಾರು 4,000 ಎಕರೆ ಭೂಮಿ ಒದಗಿಸಿತು. ಹಿಮದ ನಾಡಿನವರು ಕಾಡು ಕಡಿದು, ಮಳೆ ಸೆಖೆಗಳನ್ನು ತಾಳಿಕೊಂಡು ಭತ್ತ, ಗೋವಿನಜೋಳ ಬೆಳೆದರು. ಸಹಕಾರಿ ಸಂಘ ಕಟ್ಟಿಕೊಂಡರು. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ದುಡಿಮೆ ಅವರದು, ನಿಜ. ಆದರೆ ದುಡಿಯಲು ಕಾಲ ಕೆಳಗೆ ನೆಲವಿತ್ತು.

ಆ ನೆಲವೇ ಇಲ್ಲದಿದ್ದರೆ? ಅದಕ್ಕೆ ಸಿದ್ದಿಯರ ಬಾಳೇ ಸಾಕ್ಷಿ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ಬಂದವರಲ್ಲಿ ಅನೇಕರು ತಪ್ಪಿಸಿಕೊಂಡು ಈ ಕಾಡುಗಳನ್ನು ಸೇರಿದರು. ಹಳಿಯಾಳ, ಮುಂಡಗೋಡ, ಯಲ್ಲಾಪುರದ ಹಳ್ಳಿಗಳಲ್ಲಿ ತಲೆಮಾರುಗಳ ಕಾಲ ಕಂಡವರ ಹೊಲ, ತೋಟಗಳಲ್ಲಿ ದುಡಿದರು. ಹೆಂಗಸರು ಹಳೆಯ ಬಟ್ಟೆಯ ಚೂರುಗಳಿಂದ ಚೆಂದದ ಕೌದಿ ಹೊಲಿದರು. ದುಡಿಮೆಯೊಂದೇ ಸಾಕಾಗಿದ್ದರೆ ಇವರು ಎಂದೋ ಸಿರಿವಂತರಾಗಬೇಕಿತ್ತು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಡತೊಡಗಿತು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಓಡುತ್ತಿದ್ದ ಮಕ್ಕಳು ಅರ್ಧ ದಾರಿಯಲ್ಲಿ ಮನೆಗೆ ಮರಳಬೇಕಾಯಿತು. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. 2020ರಲ್ಲಿ ಅದೇ ಸಮುದಾಯದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದರು.

ಜೋಯಿಡಾದ ಕಥೆ ಬೇರೆ. 1980ರ ದಶಕದಲ್ಲಿ ಪೂರ್ಣಗೊಂಡ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಹಳೆಯ ಸೂಪಾ ಪೇಟೆಯನ್ನೇ ನುಂಗಿತು. ನೀರು ಅಂಬಿಕಾನಗರದ ವಿದ್ಯುದಾಗಾರಕ್ಕೆ ಹರಿಯಿತು. ಮುಳುಗಡೆಯಾದವರು ರಾಮನಗರದಂಥ ಕಡೆ ಹೊಸ ಬದುಕು ಕಟ್ಟಬೇಕಾಯಿತು. ಇಲ್ಲಿ ಪರಿಹಾರ ಎಂಬುದು ದಾನವಲ್ಲ, ಸಾಲ ತೀರಿಸುವ ಕೆಲಸ. ಕಾಡಂಚಿನ ಕುಣಬಿಯರು ಮಾತ್ರ ಹಿರಿಯರಿಂದ ಬಂದ ಗೆಡ್ಡೆ-ಗೆಣಸಿನ ಬೇಸಾಯವನ್ನು ಕೈಬಿಟ್ಟಿಲ್ಲ. ಜೋಯಿಡಾದ ಗೆಡ್ಡೆ-ಗೆಣಸು ಮೇಳ ಆ ಬೆಳೆಗೆ ಪೇಟೆಯ ದಾರಿ ತೋರಿಸಿದೆ.

ಎರಡೂ ಕೈ ಸೇರಿದರೆ ಏನಾಗುತ್ತದೆ ಎಂಬುದನ್ನು ಹಳಿಯಾಳದ ಆರ್‌ಸೆಟಿಯಲ್ಲಿ ನೋಡಬಹುದು. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯಲ್ಲಿ ಕೆನರಾ ಬ್ಯಾಂಕಿನ ಸಹಯೋಗದೊಂದಿಗೆ ನಡೆಯುವ ಈ ಸಂಸ್ಥೆ ಗ್ರಾಮೀಣ ಯುವಕ ಯುವತಿಯರಿಗೆ ಊಟ ವಸತಿ ಸಹಿತ ಉಚಿತ ತರಬೇತಿ ಕೊಡುತ್ತದೆ. ಕಲಿಸುವುದು ಸಂಸ್ಥೆ, ಊರಿಗೆ ಮರಳಿ ಅಂಗಡಿಯ ಬಾಗಿಲು ತೆರೆಯುವುದು, ಬ್ಯಾಂಕಿನ ಕಂತು ಕಟ್ಟುವುದು ಕಲಿತವರ ಹೊಣೆ.

ಚರ್ಚಾಸ್ಪರ್ಧೆಗೆ ಸಿದ್ಧವಾಗುವ ಮಕ್ಕಳನ್ನು ಪಾಲಕರು ಒಮ್ಮೆ ಈ ದಾರಿಯಲ್ಲಿ ಕರೆದೊಯ್ಯಬೇಕು. ಪರ, ವಿರೋಧ ಎಂದು ಎರಡು ಪಕ್ಷ ಮಾಡುವುದು ವೇದಿಕೆಗೆ ಸರಿ. ಹೊಲದಲ್ಲಿ ಮಾತ್ರ ಬೀಜ ಮತ್ತು ಮಳೆಯಲ್ಲಿ ಯಾವುದು ಮೇಲೆಂದು ಯಾರೂ ಜಗಳವಾಡುವುದಿಲ್ಲ.