ಉಸಿರಿನ ಬಾಗಿಲು

ಅಡಿಗೆಮನೆಗೆ ಹೊಸ ಗ್ಯಾಸ್ ಸಿಲಿಂಡರು ಬಂದಾಗ ಜಾಣ ಗೃಹಿಣಿ ಮೊದಲು ಅದರ ಬಾಯೊಳಗಿನ ರಬ್ಬರು ಬಳೆಯನ್ನು ನೋಡುತ್ತಾಳೆ. ಸಮುದ್ರದ ಆಳವನ್ನು ಕಾಣಹೊರಟ ಸಾಹಸಿಗೂ ಇದೇ ಪಾಠ. ಆದರೆ ಅವನ ಸಿಲಿಂಡರಿನಲ್ಲಿರುವುದು ಅನ್ನ ಬೇಯಿಸುವ ಅನಿಲವಲ್ಲ, ಅವನದೇ ಉಸಿರು.

ಫ್ರಾನ್ಸಿನ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾ 1943ರಲ್ಲಿ ‘ಆಕ್ವಾಲಂಗ್’ ಉಪಕರಣವನ್ನು ರೂಪಿಸಿದರು. ಅಂದಿನಿಂದ ಮನುಷ್ಯನು ಬೆನ್ನಮೇಲೆ ಗಾಳಿ ಹೊತ್ತು ಮೀನುಗಳ ನಾಡಿಗೆ ಅತಿಥಿಯಾಗಿ ಹೋಗಿಬರುತ್ತಿದ್ದಾನೆ. ವಾತಾವರಣದ ಒತ್ತಡದ ಸುಮಾರು 200 ಪಟ್ಟು ಒತ್ತಡದಲ್ಲಿ ತುಂಬಿದ ಆ ಗಾಳಿಯನ್ನು ಹಿಡಿದಿಡುವುದು ವಾಲ್ವು. ಹದಮಾಡಿ ಬಾಯಿಗೆ ಕೊಡುವುದು ರೆಗ್ಯುಲೇಟರು. ಪರದೇಶಕ್ಕೆ ಹೋಗುವವನು ರೆಗ್ಯುಲೇಟರನ್ನು ಪೆಟ್ಟಿಗೆಯಲ್ಲಿ ಒಯ್ಯಬಲ್ಲ. ಭಾರವಾದ ಸಿಲಿಂಡರನ್ನು ಅಲ್ಲಿಯೇ ಬಾಡಿಗೆಗೆ ಪಡೆಯಬೇಕು. ಇವೆರಡನ್ನೂ ಕೂಡಿಸುವಲ್ಲಿಯೇ ತೊಡಕು.

ಅಮೆರಿಕ, ಕೆರಿಬಿಯನ್ ದ್ವೀಪಗಳು ಮತ್ತು ಏಷ್ಯದ ಅನೇಕ ಕಡಲತೀರಗಳಲ್ಲಿ ‘ಯೋಕ್’ ಬಗೆಯ ವಾಲ್ವು ರೂಢಿಯಲ್ಲಿದೆ. ಯೋಕ್ ಎಂದರೆ ನೊಗ. ರೆಗ್ಯುಲೇಟರಿನ ಚೌಕಟ್ಟು ವಾಲ್ವಿನ ಕೊರಳಿಗೆ ನೊಗದಂತೆ ಕುಳಿತು, ಹಿಂದಿನಿಂದ ತಿರುಪಿನಿಂದ ಬಿಗಿಯಲ್ಪಡುತ್ತದೆ. ಜರ್ಮನಿಯ ‘ಡಿನ್’ ಪದ್ಧತಿಯಲ್ಲಿ ರೆಗ್ಯುಲೇಟರು ವಾಲ್ವಿನೊಳಕ್ಕೇ ತಿರುಪಿಕೊಂಡು ಹೋಗುತ್ತದೆ. ಯೋಕ್ ಸಾಮಾನ್ಯವಾಗಿ 232 ಬಾರ್ ಒತ್ತಡದವರೆಗೆ ಸಲ್ಲುತ್ತದೆ. ಏಳು ಸುತ್ತಿನ ಡಿನ್ 300 ಬಾರ್ ಒತ್ತಡಕ್ಕೂ ಸಲ್ಲುತ್ತದೆ. ಒಂದನ್ನು ಇನ್ನೊಂದಕ್ಕೆ ಹೊಂದಿಸುವ ಅಡಾಪ್ಟರುಗಳೂ ಉಂಟು.

ಆದರೆ ಮುಖ್ಯವಾದ ಭೇದ ಬೇರೆಯೇ ಇದೆ. ಸಂದಿಯನ್ನು ಮುಚ್ಚುವ ಸೊನ್ನೆಯಾಕಾರದ ರಬ್ಬರು ಬಳೆ ಯೋಕ್ ಪದ್ಧತಿಯಲ್ಲಿ ಬಾಡಿಗೆಯ ಸಿಲಿಂಡರಿನ ವಾಲ್ವಿನಲ್ಲಿರುತ್ತದೆ. ಡಿನ್ ಪದ್ಧತಿಯಲ್ಲಿ ಮುಳುಗುವವನ ಸ್ವಂತ ರೆಗ್ಯುಲೇಟರಿನಲ್ಲಿರುತ್ತದೆ. ಅಲ್ಲಿ ಪರರ ಜಾಗರೂಕತೆಯನ್ನು ನಂಬಬೇಕು, ಇಲ್ಲಿ ತನ್ನದನ್ನು.

ಹಿಂದೆ ‘ಜೆ’ ವಾಲ್ವು ಎಂಬುದೊಂದು ಬಳಕೆಯಲ್ಲಿತ್ತು. ಅದರ ಸ್ಪ್ರಿಂಗು ಕೊನೆಯ ಸುಮಾರು 20 ಬಾರ್ ಗಾಳಿಯನ್ನು ಮೀಸಲಾಗಿ ತಡೆದಿಡುತ್ತಿತ್ತು. ಉಸಿರು ಬಿಗಿಯಾದಾಗ ಸನ್ನೆಕಡ್ಡಿಯನ್ನು ಎಳೆದರೆ ಆ ಮೀಸಲು ದೊರೆಯುತ್ತಿತ್ತು. ಕಡ್ಡಿ ಎಲ್ಲಿಯಾದರೂ ತಗುಲಿ ಮೊದಲೇ ಕೆಳಗಿಳಿದಿದ್ದರೆ ಮೀಸಲೂ ಅರಿವಿಲ್ಲದೆಯೇ ಕರಗಿಹೋಗುತ್ತಿತ್ತು. ಒತ್ತಡಮಾಪಕ ಬಂದಮೇಲೆ ಅದು ಮೂಲೆ ಸೇರಿತು; ಮೀಸಲಿಲ್ಲದ ಸರಳ ‘ಕೆ’ ವಾಲ್ವು ಉಳಿಯಿತು.

ಸರಳವಾದ ವಾಲ್ವೂ ಮೋಸಮಾಡಬಲ್ಲದು. ಅರೆಬರೆ ತೆರೆದ ವಾಲ್ವು ದೋಣಿಯಮೇಲೆ ಧಾರಾಳವಾಗಿ ಗಾಳಿ ಕೊಡುತ್ತದೆ. 30 ಮೀಟರು ಆಳದಲ್ಲಿ ಪ್ರತಿಯೊಂದು ಉಸಿರಿಗೂ ನಾಲ್ಕುಪಟ್ಟು ಗಾಳಿ ಬೇಕು. ಅಲ್ಲಿ ಅದೇ ವಾಲ್ವು ಕೈಬಿಡುತ್ತದೆ. ಆದ್ದರಿಂದ ಬಲ್ಲವನು ನೀರಿಗಿಳಿಯುವ ಮುನ್ನ ಮಾಪಕದ ಮುಳ್ಳನ್ನೇ ನೋಡುತ್ತ ನಾಲ್ಕಾರು ಬಾರಿ ಉಸಿರೆಳೆಯುತ್ತಾನೆ. ಮುಳ್ಳು ತೂಗಾಡಿದರೆ ವಾಲ್ವು ಪೂರ್ತಿ ತೆರೆದಿಲ್ಲವೆಂದೇ ಅರ್ಥ. ಅವನ ಚೀಲದಲ್ಲಿ ಒಂದೆರಡು ರಬ್ಬರು ಬಳೆಗಳೂ ಇರುತ್ತವೆ.

ಸಿಲಿಂಡರು ಯಾವ ದೇಶದಲ್ಲಾದರೂ ಬಾಡಿಗೆಗೆ ದೊರಕೀತು. ಎಚ್ಚರವನ್ನು ಮಾತ್ರ ಮನೆಯಿಂದಲೇ ಒಯ್ಯಬೇಕು.