ಇಳಿಯುವಾಗಿನ ಭಾರ

ಕುಮಾರಪರ್ವತ 1712 ಮೀಟರ್ ಎತ್ತರ. ಹತ್ತುವಾಗ ದಮ್ಮು ಕಟ್ಟುತ್ತದೆ, ನಿಜ. ಆದರೆ ಮರುದಿನದ ಕಾಲುನೋವು ಹೆಚ್ಚಾಗಿ ಇಳಿದದ್ದರದ್ದು. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ಗಾಡಿಯಲ್ಲಾದರೆ ಅದು ಬ್ರೇಕಿನ ಕೆಲಸ.

ಅದಕ್ಕೇ ಹೊರಡುವ ಮೊದಲು ಎಲ್ಲವನ್ನೂ ನಮ್ಮ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿದೆ. ಜೀನ್ಸ್ ಮತ್ತು ದಪ್ಪ ಟವೆಲ್ ಮನೆಯಲ್ಲೇ ಉಳಿದವು. ಒಟ್ಟು 7 ಕಿಲೋ, ಅದರಲ್ಲಿ 3 ಕಿಲೋ ನೀರೇ. ನೀರು ಮಾತ್ರ ಕಡಿಮೆ ಮಾಡಬೇಡಿ. ಭಾರದ ಸಾಮಾನು ಬೆನ್ನಿಗೆ ತಾಗಿರಲಿ, ಮಳೆಕೋಟು ಎಲ್ಲಕ್ಕಿಂತ ಮೇಲಿರಲಿ.

ಉಪ್ಪಳಕ್ಕೆ ಮರಳಿದ ಮೇಲೆ ಎರಡನೇ ದಿನ ನೋವು ಜೋರಾಯಿತು. ಹಾಗಾದಾಗ ಪೂರ್ತಿ ಮಲಗಿಬಿಡಬೇಡಿ. ಮೆಲ್ಲ ನಡೆದಾಡಿ, ಚೆನ್ನಾಗಿ ಉಂಡು ನಿದ್ದೆ ಮಾಡಿ. ಮೂತ್ರ ಚಹಾದ ಕಣ್ಣಿನ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಡಾಕ್ಟರರಲ್ಲಿಗೆ ಹೋಗಿ.

ಆ ಎರಡು ದಿನ ಪಳ್ಳಿಯಲ್ಲಿ ಉಪ್ಪನ ಪಕ್ಕ ನನಗೂ ಒಂದು ಕುರ್ಚಿ. ಮೂರನೇ ದಿನ ನಾನು ಸುಜೂದಿಗೆ ಬಾಗಿದೆ. 40 ವರ್ಷ ಲಾರಿಯಿಂದ 50 ಕಿಲೋದ ಅಕ್ಕಿಮೂಟೆ ಇಳಿಸಿದ ಉಪ್ಪನಿಗೆ ಆ ಮೂರನೇ ದಿನ ಬರಲೇ ಇಲ್ಲ. ಈಗ ನಾವು ತರಿಸುವುದು 25 ಕಿಲೋದ ಚೀಲ. ಇಳಿಸುವುದು ನಾನು.